ಅಪ್ಪನ ಮೊದಲ ಬೆಳೆ

ಕಳೆದ ಭಾನುವಾರ ಶಿಡ್ಲಘಟ್ಟದಲ್ಲಿ ಬಸ್ಸು ಹತ್ತಿದಾಗ ಹಿಂದಿನ ಸೀಟಿನ ಕೆಳಗೆ ಯಾರೋ ಹಿಪ್ಪುನೇರಳೆ ಸೊಪ್ಪಿನ ಮೂಟೆಯೊಂದನ್ನು ತುರುಕಿದ್ದರು. ಇಬ್ಬನಿ ಆರುವ ಮೊದಲೇ ಕೊಯ್ದು ಕಟ್ಟಿದ ಸೊಪ್ಪಿಗೆ ಒಂದು ಬಗೆಯ ಹಸಿ ವಾಸನೆಯಿರುತ್ತದೆ. ಬಸ್ಸು ಊರು ದಾಟುವುದರೊಳಗೆ ಆ ವಾಸನೆ ನನ್ನನ್ನು ನಾಲ್ಕು ವರ್ಷ ಹಿಂದಿನ ಶ್ರಾವಣಕ್ಕೆ ಕೊಂಡೊಯ್ದಿತ್ತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಮಾತಿಗೆ ಎಳೆದಳು.

"ದಿಬ್ಬೂರಹಳ್ಳೀಲಿ ಯಾರಿದಾರಮ್ಮ?"

"ಅಪ್ಪ, ಅಮ್ಮ. ದಿಬ್ಬೂರಹಳ್ಳಿಯಲ್ಲಲ್ಲ. ಅಲ್ಲಿಂದ ಇನ್ನೂ ಆರು ಕಿಲೋಮೀಟರ್ ಒಳಗೆ, ಗುಡ್ಡದ ಬುಡದಲ್ಲಿ."

"ಅಯ್ಯೋ, ವಯಸ್ಸಾದೋರ್ನ ಆ ಮೂಲೇಲಿ ಬಿಟ್ಟಿದೀರಾ? ಕರ್ಕೊಂಬಂದು ಇಟ್ಕೋಬಾರ್ದಾ?"

ಈ ಪ್ರಶ್ನೆಯನ್ನು ನನಗೆ ಬಹಳ ಮಂದಿ ಕೇಳಿದ್ದಾರೆ. ಉತ್ತರ ಒಂದೇ. ಅವರನ್ನು ನಾವು ಬಿಟ್ಟಿಲ್ಲ. ಅವರೇ ನಮ್ಮನ್ನು ಬಿಟ್ಟು ಹೋದರು. ಕರೆತರಲು ಒಮ್ಮೆ ವ್ಯಾನನ್ನೂ ಕಳುಹಿಸಿದ್ದೆವು. ಆ ವ್ಯಾನಿಗೆ ಏನಾಯಿತೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಪಾಲಿನ ತಪ್ಪನ್ನು ಬಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. ಆದ್ದರಿಂದ ಅದನ್ನೂ ಬರೆಯುತ್ತೇನೆ.

ಅಪ್ಪ ಶಿಡ್ಲಘಟ್ಟದಲ್ಲಿ ನಲವತ್ತು ವರ್ಷ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿದವರು. ಕುದಿಯುವ ನೀರಿನ ಬಾಣಲೆಯಲ್ಲಿ ಬೆಂದ ಗೂಡುಗಳಿಂದ ಎಳೆ ಹಿಡಿದು ರಾಟೆಗೆ ಕೊಡುವ ಕೆಲಸ. ಅವರ ಬೆರಳ ತುದಿಗಳು ಎಂದೋ ಬಿಳಿಚಿಕೊಂಡು ಗೆರೆಗಳನ್ನು ಕಳೆದುಕೊಂಡಿದ್ದವು. ಯಾವುದೋ ಕಚೇರಿಯಲ್ಲಿ ಹೆಬ್ಬೆಟ್ಟಿನ ಯಂತ್ರ ಅವರನ್ನು ಗುರುತಿಸದೆ ಹೋದಾಗ, "ನನ್ನ ಗುರುತು ಅವರಿವರ ಸೀರೇಲಿ ಹೋಗ್ಬಿಟ್ಟೈತೆ" ಎಂದು ನಕ್ಕಿದ್ದರು. ನಮ್ಮ ವಂಶದಲ್ಲಿ ಯಾರಿಗೂ ಅಂಗೈಯಗಲ ನೆಲವಿರಲಿಲ್ಲ. ಭೂಮಿಯಿಲ್ಲದವರಿಗೆಂದು ಸರ್ಕಾರ ಮಂಜೂರು ಮಾಡಿದ ಎರಡು ಎಕರೆಯ ಕಾಗದ ಅಪ್ಪನ ಕೈಗೆ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ; ನೆಲ ಕೈಗೆ ಬರುವ ಹೊತ್ತಿಗೆ ನನ್ನ ತಲೆ ನರೆತಿತ್ತು. ಸುತ್ತಲಿನ ಜಮೀನುದಾರರು, "ಅಲ್ಲಿ ಕಲ್ಲು ಬಿಟ್ರೆ ಇನ್ನೇನೂ ಬೆಳೆಯಲ್ಲ ನಾರಾಯಣಪ್ಪ" ಎಂದರು. ಅಪ್ಪ ಆ ಕಲ್ಲುಗಳನ್ನೇ ಆಯ್ದು ಒಂದು ಬದುವನ್ನೂ ರೇಷ್ಮೆಹುಳು ಸಾಕಲು ಒಂದು ಹುಳುಮನೆಯ ಗೋಡೆಯನ್ನೂ ಕಟ್ಟಿದರು. ಬಾಣಲೆಯ ಕೆಲಸ ಬಿಟ್ಟ ಮರುತಿಂಗಳೇ ಅಮ್ಮನೊಂದಿಗೆ ಅಲ್ಲಿಗೆ ಹೋಗಿಬಿಟ್ಟರು. ಆಗ ಅವರಿಗೆ ಎಪ್ಪತ್ತೊಂದು.

"ಬೇರೆಯೋರ ಗೂಡು ಬಿಚ್ಚಿದ್ದು ಸಾಕು ಕಣಮ್ಮ. ನನ್ನ ಗೂಡು ನಾನೇ ಬೆಳೀತೀನಿ," ಎಂದಷ್ಟೇ ಹೇಳಿದ್ದರು.

ಚಿಕ್ಕಬಳ್ಳಾಪುರದಲ್ಲಿರುವ ನಮ್ಮಣ್ಣ ನಾಗರಾಜನಿಗೆ ಇದು ಒಂದಿಷ್ಟೂ ಹಿಡಿಸಲಿಲ್ಲ. ಅವನದು ಸರ್ಕಾರಿ ನೌಕರಿ, ಸ್ವಂತ ಮನೆ. ಕೆಳಗಿನ ಅಂತಸ್ತನ್ನು ಹೆತ್ತವರಿಗೆಂದೇ ಖಾಲಿ ಇರಿಸಿದ್ದ. ಕೆಟ್ಟವನಲ್ಲ, ಅಪ್ಪನಿಗೆ ಏನಾದರೂ ಆದರೆ ಜನ ತನ್ನನ್ನು ಏನೆಂದಾರು ಎಂಬ ಭಯ ಅವನಿಗೆ. ಕೊನೆಗೆ ಒಂದು ಒಪ್ಪಂದವಾಯಿತು. ಒಂದು ಬೆಳೆ ಸಾಕಲಿ. ಅದು ಕೈಗೆ ಬಂದರೆ ಯಾರೂ ತುಟಿ ಬಿಚ್ಚಬಾರದು. ಬಾರದಿದ್ದರೆ ಇಬ್ಬರೂ ಗುಡ್ಡದ ಬುಡ ಬಿಟ್ಟು ಅಣ್ಣನ ಮನೆ ಸೇರಬೇಕು. ಅಪ್ಪ ಒಪ್ಪಿದರು. ಮಧ್ಯಸ್ಥಗಾರ್ತಿ ನಾನು.

ನಾನಿದ್ದದ್ದು, ಈಗಲೂ ಇರುವುದು, ಗೌರಿಬಿದನೂರಿನಲ್ಲಿ. ಕನ್ನಡ ಪಾಠ ಹೇಳುವ ಕೆಲಸ ಬಿಟ್ಟು ಆಗ ಒಂದು ವರ್ಷವಾಗಿತ್ತು. ಭಾನುವಾರ ತಪ್ಪದೆ ಹೊರಡುತ್ತಿದ್ದೆ. ಬೆಳಗ್ಗೆ ಆರೂವರೆಯ ಬಸ್ಸಿನಲ್ಲಿ ಮಂಚೇನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರ. ಅಲ್ಲಿ ಬಸ್ಸು ಬದಲಿಸಿ ಶಿಡ್ಲಘಟ್ಟ. ಮತ್ತೆ ಬದಲಿಸಿ ದಿಬ್ಬೂರಹಳ್ಳಿ. ಅಲ್ಲಿಂದ ಕೆರೆಯ ಏರಿಯ ಮೇಲೆ, ಜಾಲಿಗಿಡಗಳ ನಡುವೆ, ಬಂಡೆಗಳ ಸಂದಿನಲ್ಲಿ ಒಂದೂವರೆ ಗಂಟೆಯ ನಡಿಗೆ. ನಕ್ಷೆಯಲ್ಲಿ ಒಂದು ಗೇಣು. ದಾರಿಯಲ್ಲಿ ಐದು ಗಂಟೆ. ಒಂದೇ ಜಿಲ್ಲೆಯೊಳಗೆ ಇಷ್ಟು ದೂರವಿರಲು ಸಾಧ್ಯವೆಂದು ನನಗೆ ಗೊತ್ತಿರಲಿಲ್ಲ.

ಅಷ್ಟು ದೂರ ನಡೆದು ಹೋದರೂ ಮಗಳೆಂದು ಅಮ್ಮ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ರೇಷ್ಮೆಹುಳು ಬಹಳ ಸೂಕ್ಷ್ಮ ಜೀವ. ಹೊರಗಿನ ಗಾಳಿ, ಹೊಗೆ, ತಲೆಗೆಣ್ಣೆ, ಪೌಡರು ಯಾವುದೂ ಅದಕ್ಕೆ ಆಗದು. ಬಾಗಿಲ ಹೊರಗೊಂದು ಚಪ್ಪಡಿ ಕಲ್ಲು. ಅದರ ಮೇಲೆ ನಿಂತು ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ತೊಳೆಯಬೇಕು. ಹಿತ್ತಲ ತಡಿಕೆಯ ಮರೆಯಲ್ಲಿ ಬಸ್ಸಿನ ಸೀರೆ ಬಿಚ್ಚಿ, ನನಗೆಂದೇ ಒಗೆದು ಇಟ್ಟಿದ್ದ ಹಳೆಯ ನೂಲಿನ ಸೀರೆ ಉಡಬೇಕು.

"ಮುಡೀಲಿ ಹೂವ ಐತಾ?"

"ಇಲ್ಲಮ್ಮ."

"ಮುಖಕ್ಕೆ ಏನೋ ಮೆತ್ಕೊಂಡಿದೀಯ."

"ಬೆವರಮ್ಮ ಅದು!"

"ಹಂಗಾದ್ರೆ ಅದನ್ನೂ ತೊಳಿ."

ನಿಯಮಗಳೆಂದರೆ ನನಗೆ ಎಂದೂ ಬೇಸರವಿಲ್ಲ. ಒಪ್ಪವಾಗಿ ಪಾಲಿಸುತ್ತಿದ್ದೆ. ಅಮ್ಮನ ಇನ್ನೊಂದು ನಿಯಮ ನೀರಿನದು. ಗುಡ್ಡದ ಬುಡದಲ್ಲಿ ನೀರೆಂದರೆ ಪಕ್ಕದ ತೋಟದವರು ದಿನಕ್ಕೊಂದು ಗಂಟೆ ಬಿಡುವ ಕೊಳವೆಬಾವಿಯದಷ್ಟೆ. ಆದ್ದರಿಂದ ಅಕ್ಕಿ ತೊಳೆದ ನೀರಾಗಲಿ, ತರಕಾರಿ ತೊಳೆದ ನೀರಾಗಲಿ ನೆಲಕ್ಕೆ ಬೀಳುವಂತಿರಲಿಲ್ಲ. ಕೊಯ್ದು ತಂದ ಸೊಪ್ಪಿನ ರಾಶಿಗೆ ಹೊದಿಸಿದ ಗೋಣಿತಾಟಿನ ಮೇಲೆ ಅದನ್ನು ಚಿಮುಕಿಸಬೇಕು. ಸೊಪ್ಪು ಬಾಡದೆ ತಣ್ಣಗಿರಬೇಕು. ಇದನ್ನೂ ನಾನು ಒಪ್ಪವಾಗಿ ಪಾಲಿಸುತ್ತಿದ್ದೆ.

ಆ ಮಳೆಗಾಲದಲ್ಲಿ ಅಪ್ಪ ತಮ್ಮ ಮೊದಲ ಬೆಳೆಯನ್ನು ಕಟ್ಟಿದರು. ಹುಳುಗಳಿಗಾಗಿ ಒಂದು ದೊಡ್ಡ ತ್ಯಾಗವನ್ನೂ ಮಾಡಿದ್ದರು: ಹದಿನೈದನೆಯ ವಯಸ್ಸಿನಿಂದ ಬಾಯಲ್ಲಿದ್ದ ಕಡ್ಡಿಪುಡಿಯನ್ನು ಬಿಟ್ಟಿದ್ದರು. ಹೊಗೆಸೊಪ್ಪು ಮುಟ್ಟಿದ ಕೈಯಿಂದ ಸೊಪ್ಪು ಹಾಕಿದರೆ ಹುಳು ಉಳಿಯದು. ಹುಳುವಿನ ಪೊರೆ ಕಳಚುವ ಕಾಲವನ್ನು ನಮ್ಮ ಕಡೆ ಜ್ವರವೆನ್ನುತ್ತಾರೆ; ಆಗ ಅದು ಮೇಯದೆ, ತಲೆಯೆತ್ತಿ, ಅಲುಗದೆ ಕುಳಿತಿರುತ್ತದೆ. ನಾಲ್ಕನೆಯ ಜ್ವರದಿಂದೆದ್ದ ಹುಳುಗಳು ಸೊಪ್ಪು ಮೇಯುವ ಸದ್ದು ತಗಡಿನ ಮೇಲೆ ಹನಿಮಳೆ ಬಿದ್ದಂತಿರುತ್ತದೆ. ಆ ಸದ್ದಿನ ನಡುವೆ ಅಪ್ಪ ಸುಮ್ಮನೆ ಕುಳಿತಿರುತ್ತಿದ್ದರು. ನಲವತ್ತು ವರ್ಷ ಸತ್ತ ಹುಳುವಿನ ವಾಸನೆ ಕುಡಿದ ಮನುಷ್ಯ ಮೊದಲ ಸಲ ಬದುಕಿದ ಹುಳುವಿನ ಸದ್ದು ಕೇಳುತ್ತಿದ್ದಾರೆಂದು ನನಗೆ ತೋರುತ್ತಿತ್ತು.

ನಾಲ್ಕನೆಯ ಜ್ವರ ಕಳೆದ ಮೂರನೆಯ ದಿನ ಭಾನುವಾರ. ಇನ್ನು ನಾಲ್ಕೈದು ದಿನ ಮೇಯಿಸಿದರೆ ಹುಳು ಹಣ್ಣಾಗಿ ಗೂಡು ಕಟ್ಟಲು ತೊಡಗುತ್ತಿತ್ತು. ಆ ಬೆಳಗ್ಗೆ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಒಬ್ಬ ದಪ್ಪ ಮೀಸೆಯವನು ಓಡಿಬಂದು ಕಾಲಿಗೆರಗಿದ.

"ಮಿಸ್, ನಾನು ಮಂಜುನಾಥ. ಮಂಚೇನಹಳ್ಳೀಲಿ ನಿಮ್ಮ ಕೈಲಿ ದಿನಾ ಒದೆ ತಿಂದೋನು."

"ದಿನಾ ಅಲ್ಲ," ಎಂದೆ. "ಭಾನುವಾರ ರಜೆ ಇರುತ್ತಿತ್ತು."

ಅವನು ಮದುವೆಯಾಗಿ ನಂದಿಯ ಬಳಿ ಮಾವನ ದ್ರಾಕ್ಷಿತೋಟ ನೋಡಿಕೊಳ್ಳುತ್ತಿದ್ದ. ಮಾರುಕಟ್ಟೆಗೆ ತಂದಿದ್ದರಲ್ಲಿ ಎರಡು ಕೇಜಿಯಷ್ಟು ಕಪ್ಪು ದ್ರಾಕ್ಷಿಯನ್ನು ಚೀಲಕ್ಕೆ ತುಂಬಿ, ಬೇಡವೆಂದರೂ ಕೇಳದೆ ಕೈಗಿತ್ತ. ಹೆತ್ತವರ ಮನೆಗೆ ಬರಿಗೈಯಲ್ಲಿ ಹೋಗುವುದು ತಪ್ಪಿತೆಂದು ನನಗೂ ಸಂತೋಷವಾಯಿತು.

ಆ ದಿನ ಎಲ್ಲ ನಿಯಮಗಳೂ ಪಾಲನೆಯಾದವು. ಕೈ ತೊಳೆದೆ, ಕಾಲು ತೊಳೆದೆ, ಸೀರೆ ಬದಲಿಸಿದೆ. ಅಮ್ಮ ಒಲೆಯ ಮುಂದಿದ್ದಳು. ಅಪ್ಪ ಸೊಪ್ಪು ಕೊಯ್ಯಲು ಹೋಗಿದ್ದರು. ದ್ರಾಕ್ಷಿಯನ್ನು ಜಾಲರಿಯ ಬುಟ್ಟಿಗೆ ಸುರಿದು, ಎರಡು ಚೊಂಬು ನೀರು ಹೊಯ್ದು ಚೆನ್ನಾಗಿ ತೊಳೆದೆ. ಊಟವಾದ ಮೇಲೆ ಮೂವರೂ ತಿಂದೆವು. ಅಪ್ಪ ಬೀಜ ಉಗುಳುತ್ತ, "ನಿನ್ನ ಶಿಷ್ಯ ಚೆನ್ನಾಗಿ ಬೆಳ್ದವ್ನೆ" ಎಂದರು. ಮೂರು ಗಂಟೆಗೆ ಹೊರಟು ಬಂದೆ.

ಸೋಮವಾರ ಮಧ್ಯಾಹ್ನ ಅಮ್ಮನ ಫೋನು ಬಂತು. ಅಲ್ಲಿ ಸಿಗ್ನಲ್ ಸಿಗುವುದು ಒಂದು ಬಂಡೆಯ ಮೇಲೆ ಮಾತ್ರ. ಅಮ್ಮ ಅಲ್ಲಿಗೆ ಹತ್ತಿದ್ದಾಳೆಂದರೆ ಏನೋ ನಡೆದಿದೆಯೆಂದೇ ಅರ್ಥ.

"ಹುಳ ಹಸಿರು ಕಕ್ತಾ ಅವೆ ಕಣೇ. ತಲೆ ಎತ್ತಿ ಎತ್ತಿ ಆಡುಸ್ತಾ ಅವೆ. ನಿಮ್ಮಪ್ಪ ಮಾತಾಡ್ತಾನೇ ಇಲ್ಲ."

ಮಂಗಳವಾರ ನಾನೂ ಅಣ್ಣನೂ ಹೋಗಿ ಸೇರುವಷ್ಟರಲ್ಲಿ ಮುಕ್ಕಾಲು ಪಾಲು ಹುಳು ಸತ್ತಿತ್ತು, ಉಳಿದವು ಸಾಯುತ್ತಿದ್ದವು. ಹುಳುಮನೆಯಲ್ಲಿ ಸದ್ದೇ ಇರಲಿಲ್ಲ. ಇದು ರೋಗವಲ್ಲ, ವಿಷವೆಂದು ಊರಿನ ಹಳೆಯ ಸಾಕಣೆಗಾರರೊಬ್ಬರು ಬಂದು ನೋಡಿ ಹೇಳಿ ಹೋಗಿದ್ದರು. ವಿಷವೆಂದೊಡನೆ ಮೂವರ ಕಣ್ಣೂ ಅಪ್ಪನ ಮೇಲೆ ಬಿದ್ದವು. ಕಡ್ಡಿಪುಡಿ.

"ಮುಟ್ಟಿಲ್ಲ," ಎಂದರು ಅಪ್ಪ.

ನಂಬಿಬಿಡಬಹುದಿತ್ತು. ನಾನು ನಂಬಲಿಲ್ಲ. ಇಪ್ಪತ್ತೇಳು ವರ್ಷ ಮಕ್ಕಳಿಂದ ಸತ್ಯ ಹೊರಡಿಸಿದ ಕೈ ಸುಮ್ಮನಿರಲಿಲ್ಲ. ನೇರವಾಗಿ ಹೋಗಿ ಅಪ್ಪನ ಅಂಗಿಯ ಜೇಬಿಗೆ ಇಳಿಯಿತು. ಒಂದು ಪುಟ್ಟ ಡಬ್ಬಿ ಸಿಕ್ಕಿತು.

"ಇದೇನಪ್ಪ?"

"ಖಾಲಿ ಡಬ್ಬಿ ಕಣಮ್ಮ. ಬಲವಂತ ಆದಾಗ ಮುಚ್ಚಳ ತೆಗೆದು ಮೂಸ್ತೀನಿ. ಅದೂ ಬದು ಮ್ಯಾಲೆ ನಿಂತ್ಕೊಂಡು. ಆಮ್ಯಾಕೆ ಕೈ ತೊಳೀತೀನಿ."

"ಮೂಸಿದ್ದೇ ಸಾಕಲ್ಲಪ್ಪ ಹುಳ ಸಾಯಕ್ಕೆ!" ಎಂದ ಅಣ್ಣ.

ಅಮ್ಮ ಮುಖ ತಿರುಗಿಸಿದಳು. ಐವತ್ತು ವರ್ಷಕ್ಕೂ ಮಿಕ್ಕಿ ಸಂಸಾರ ಮಾಡಿದವಳ ತಿರುಗಿದ ಮುಖ ಅಪ್ಪನಿಗೆ ಅಣ್ಣನ ಮಾತಿಗಿಂತ ಹೆಚ್ಚು ತಾಗಿತು. ಮತ್ತೊಮ್ಮೆ "ಮುಟ್ಟಿಲ್ಲ" ಎಂದರು; ಮೂರನೆಯ ಸಲ ಹೇಳಲಿಲ್ಲ. ಒಪ್ಪಂದ ಒಪ್ಪಂದವೇ. ಮುಂದಿನ ಭಾನುವಾರ ವ್ಯಾನು ತರುವುದೆಂದು ಅಣ್ಣ ತೀರ್ಮಾನಿಸಿದ; ಸಾಮಾನು ಕಟ್ಟಲು ಬರುತ್ತೇನೆಂದು ನಾನು ಒಪ್ಪಿಕೊಂಡೆ. ಡಬ್ಬಿಯನ್ನು ನನ್ನ ಚೀಲದಲ್ಲಿ ಹಾಕಿಕೊಂಡು ಬಂದೆ.

ಆ ಭಾನುವಾರ ಚಿಕ್ಕಬಳ್ಳಾಪುರದಲ್ಲಿ ನಾನು ಇಳಿಯುತ್ತಿದ್ದಂತೆಯೇ ಮಂಜುನಾಥ ಬಸ್ಸಿನ ಬಾಗಿಲಲ್ಲೇ ನಿಂತಿದ್ದ.

"ಮಿಸ್, ಹೋದ ವಾರ ಈ ಬಸ್ಸಲ್ಲೇ ಬಂದ್ರಲ್ಲ, ಅದಕ್ಕೇ ಕಾಯ್ತಿದೀನಿ. ನಿಮ್ಮ ನಂಬರ್ ಇರ್ಲಿಲ್ಲ. ಹಣ್ಣು ತೊಳ್ಕೊಂಡು ತಿಂದ್ರಿ ತಾನೆ?"

"ಏಕೆ?"

"ನಾನು ಕೊಟ್ಟಿದ್ದು ಹಿಂದಿನ ಸಂಜೆ ಔಷಧಿ ಹೊಡೆದಿರೋ ಸಾಲಿಂದಂತೆ ಮಿಸ್. ಆಳು ತಪ್ಪಿ ಕೊಯ್ದಿದಾನೆ. ಸಂಜೆ ಗೊತ್ತಾಯ್ತು. ವಾರ ಪೂರ್ತಿ ನನಗೆ ಅನ್ನ ಇಳಿದಿಲ್ಲ. ಎಲ್ರೂ ಹುಷಾರಾಗಿದೀರಾ?"

ಹುಷಾರಾಗಿದ್ದೆವು. ಚೆನ್ನಾಗಿ ತೊಳೆದೇ ತಿಂದಿದ್ದೆವು. ಎರಡು ಚೊಂಬು ನೀರಿನಲ್ಲಿ.

ತೊಳೆದ ನೀರು ಎಲ್ಲಿಗೆ ಹೋಯಿತು? ನಿಲ್ದಾಣದ ಆ ಗದ್ದಲದ ನಡುವೆ ನಾನು ನಿಂತಲ್ಲೇ ಕಂಡೆ: ಜಾಲರಿಯ ಬುಟ್ಟಿಯನ್ನು ನಾನು ಇರಿಸಿದ್ದು ಸೊಪ್ಪಿನ ರಾಶಿಗೆ ಹೊದಿಸಿದ್ದ ಗೋಣಿತಾಟಿನ ಮೇಲೆ. ಒಂದು ಹನಿಯೂ ವ್ಯರ್ಥವಾಗದಂತೆ, ಅಮ್ಮನ ನಿಯಮದ ಪ್ರಕಾರ, ನೀರೆಲ್ಲ ಸೊಪ್ಪಿಗೇ ಇಳಿದಿತ್ತು.

ಅಣ್ಣನಿಗೆ ಫೋನು ಮಾಡಿದೆ. ಅವನು ಆಗಲೇ ಸಿಗ್ನಲ್ ದಾಟಿ ಹೋಗಿದ್ದ. ಅಮ್ಮನಿಗೆ ಮಾಡಿದೆ, ಅವಳು ಬಂಡೆಯ ಮೇಲಿರಲಿಲ್ಲ. ಅಲ್ಲಿಂದ ಮುಂದಿನ ದಾರಿ ಎಂದಿನದೇ, ಆದರೆ ನಾನು ಎಂದಿನವಳಾಗಿರಲಿಲ್ಲ. ಶಿಡ್ಲಘಟ್ಟದ ಬಸ್ಸು ಪ್ರತಿ ಹಳ್ಳಿಯಲ್ಲೂ ನಿಂತಿತು. ಶಿಡ್ಲಘಟ್ಟದಲ್ಲಿ ದಿಬ್ಬೂರಹಳ್ಳಿಯ ಬಸ್ಸು ಮುಕ್ಕಾಲು ಗಂಟೆ ಹೊರಡಲಿಲ್ಲ. ಡ್ರೈವರು ಕಾಫಿ ಕುಡಿಯುತ್ತಿದ್ದ.

"ವೇಳಾಪಟ್ಟಿ ಎಂಬುದು ನಿಮಗೆ ಗೊತ್ತಿದೆಯೇ?" ಎಂದು ಕಿಟಕಿಯಿಂದ ಕೇಳಿದೆ.

"ಗೊತ್ತು ಮೇಡಂ. ಬಸ್ಸಿಗೆ ಗೊತ್ತಿಲ್ಲ," ಎಂದು ಅವನು ಮತ್ತೊಂದು ಗುಟುಕು ಹೀರಿದ.

ಏರಿಯ ಮೇಲೆ ಅಂದು ನಾನು ನಡೆಯಲಿಲ್ಲ. ಐವತ್ತನೆಯ ವಯಸ್ಸಿನಲ್ಲಿ ಎಷ್ಟು ಓಡಬಹುದೋ ಅಷ್ಟು ಓಡಿದೆ. ಹಸಿ ಮಣ್ಣಿನಲ್ಲಿ ವ್ಯಾನಿನ ಚಕ್ರದ ಗುರುತುಗಳು ನನ್ನ ಮುಂದೆ ಮುಂದೆ ಹೋಗುತ್ತಿದ್ದವು. ಆ ಓಟದಲ್ಲಿ ನನಗೆ ಹುಳುಗಳ ನೆನಪಾಗಲಿಲ್ಲ. ಜೇಬಿಗೆ ಇಳಿದ ಕೈಯ ನೆನಪೇ ಆಗುತ್ತಿತ್ತು.

ಹೋಗಿ ಸೇರಿದಾಗ ಪಾತ್ರೆಯ ಮೂಟೆಗಳು, ಹಾಸಿಗೆ, ಬುದ್ಧನ ಪಟ ವ್ಯಾನು ಹತ್ತಿದ್ದವು. ಅಮ್ಮ ಸೆರಗು ಹೊದ್ದು ಚಪ್ಪಡಿ ಕಲ್ಲಿನ ಮೇಲೆ ಕುಳಿತಿದ್ದಳು. ಅಪ್ಪ ಬದುವಿನ ಮೇಲೆ, ನಮ್ಮ ಕಡೆಗೆ ಬೆನ್ನು ಮಾಡಿ ನಿಂತಿದ್ದರು. ಏದುಸಿರು ಬಿಡುತ್ತಲೇ ಎಲ್ಲವನ್ನೂ ಹೇಳಿದೆ. ಹಣ್ಣು, ಔಷಧಿ, ಬುಟ್ಟಿ, ನೀರು, ಯಾವುದನ್ನೂ ಬಿಡದೆ, ಕ್ರಮವಾಗಿ ಹೇಳಿದೆ.

ಅಣ್ಣ ನಂಬಲಿಲ್ಲ. "ಅವರನ್ನ ಇಲ್ಲೇ ಉಳಿಸ್ಬೇಕು ಅಂತ ಕತೆ ಕಟ್ತಿದೀಯ."

"ಅವ್ಳು ಸುಳ್ಳು ಹೇಳಲ್ಲ ಕಣೋ," ಎಂದಳು ಅಮ್ಮ. "ಸುಳ್ಳು ಹೇಳಕ್ಕೆ ಬಂದಿದ್ರೆ ಎಂದೋ ಒಂದು ಗಂಡಿಗೆ ಒಪ್ಪಿಗೆ ಆಗಿರೋಳು." ಆಮೇಲೆ ನನ್ನ ಕಡೆ ತಿರುಗಿ, "ಬುಟ್ಟಿ ಎಲ್ಲಿಟ್ಟೆ? ತೋರ್ಸು," ಎಂದಳು.

ತೋರಿಸಿದೆ. ಅಮ್ಮ ಕಣ್ಣು ಮುಚ್ಚಿ ಬೆರಳು ಮಡಿಸಿದಳು. ಭಾನುವಾರ ಸಂಜೆ ಆ ಕಡೆಯ ಸೊಪ್ಪನ್ನು ಮೊದಲು ಎತ್ತಿ ಹಾಕಿದ್ದು ಮೂಡಲ ಗೋಡೆಯ ಬಳಿ ಹುಳು ಮೇಯುವ ಬಿದಿರಿನ ತಟ್ಟೆಗಳಿಗೆ. ಹಸಿರು ಕಕ್ಕಿದ್ದೂ ಮೊದಲು ಅವೇ. ಆ ಸಂಜೆ ಸೊಪ್ಪು ಹಾಕಿದ್ದು ಅಪ್ಪನಲ್ಲ, ಅಮ್ಮ.

"ನೀರು ನೆಲಕ್ಕೆ ಚೆಲ್ಲಬ್ಯಾಡ ಅಂದೋಳು ನಾನೇ. ಸೊಪ್ಪು ಹಾಕಿದ್ದೂ ನಾನೇ," ಎಂದಳು ಮೆಲ್ಲಗೆ. ಬದುವಿನ ಕಡೆ ನೋಡಿ ದನಿ ಎತ್ತರಿಸಿದಳು: "ಏನಯ್ಯಾ, ಕೇಳಿಸ್ತಾ? ನೀನಲ್ಲ."

"ನಾನಲ್ಲ ಅಂತ ನಂಗೆ ಮಂಗಳವಾರಾನೇ ಗೊತ್ತಿತ್ತು," ಎಂದರು ಅಪ್ಪ, ತಿರುಗದೆ.

ಅಣ್ಣ ಸೋಲಲಿಲ್ಲ. "ಯಾರಿಂದಾದ್ರೂ ಆಗ್ಲಿ, ಹುಳ ಹೋಯ್ತಲ್ಲಪ್ಪ. ಇನ್ನೊಂದ್ಸಲ ಹಿಂಗೇ ಆದ್ರೆ?"

ಆಗ ಅಪ್ಪ ಬದುವಿನಿಂದ ಇಳಿದು ಬಂದರು. ಅವರು ಅಷ್ಟು ಮಾತನಾಡಿದ್ದನ್ನು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

"ಆದ್ರೆ ಇನ್ನೊಂದ್ಸಲ ಸಾಕ್ತೀನಿ. ನಲವತ್ತು ವರ್ಷ ಊರೋರ ಗೂಡು ಬೇಯಿಸಿದೀನಿ ಕಣೋ ನಾಗರಾಜ. ಅವರ ಹುಳ ಸತ್ತಿಲ್ವಾ? ಬೆಳೆಗೆ ಬೆಳೇನೇ ತಿಪ್ಪೆಗೆ ಸುರಿದಿರೋದು ನೋಡಿದೀನಿ. ಅವರನ್ನ ಯಾವ ಮಗನಾದ್ರೂ ವ್ಯಾನಿಗೆ ಹೇರ್ಕೊಂಡು ಹೋದ್ನಾ? ಅವರದ್ದು ನಷ್ಟ, ನಂದು ಮಾತ್ರ ಮುಪ್ಪಾ? ಹುಳ ಸಾಯಿಸೋ ಹಕ್ಕು ಜಮೀನು ಇರೋರಿಗೆಲ್ಲಾ ಐತೆ. ನಂಗೂ ಜಮೀನೈತೆ."

ವ್ಯಾನಿನ ಡ್ರೈವರು, "ಹಂಗಾದ್ರೆ ಇಳಿಸ್ಲಾ, ಹೊರಡ್ಲಾ?" ಎಂದು ಕೇಳಿದ.

"ಇಳಿಸು," ಎಂದರು ಅಪ್ಪ. "ಇಳಿಸಿ, ಆ ತಟ್ಟೆಗಳ್ನೆಲ್ಲ ಹತ್ತಿಸು. ಕೆರೆಗೆ ಹೋಗಣ. ತೊಳೀಬೇಕು. ಬಾಡಿಗೆ ಹೆಂಗೂ ನಾಗರಾಜಂದು."

ಡ್ರೈವರು ನಕ್ಕ. ಅಣ್ಣ ನಗಲಿಲ್ಲ; ಆದರೆ ಸ್ವಲ್ಪ ಹೊತ್ತಿಗೆ ಪ್ಯಾಂಟು ಮಡಿಸಿ ತಟ್ಟೆಗಳನ್ನು ಹೊರಲು ಶುರುಮಾಡಿದ. ಅಮ್ಮ ಮೊದಲು ಬುದ್ಧನ ಪಟವನ್ನು ಇಳಿಸಿಕೊಂಡಳು.

ಕೆರೆಯ ದಂಡೆಯಲ್ಲಿ ನಾನು ಅಪ್ಪನ ಹತ್ತಿರ ಹೋಗಿ ಡಬ್ಬಿಯನ್ನು ಅವರ ಕೈಗಿಟ್ಟೆ.

"ತಪ್ಪಾಯ್ತಪ್ಪ."

"ಯಾವುದು?"

"ನೀರು ಹಾಕಿದ್ದು."

"ಅದು ತಪ್ಪಲ್ಲ. ತಿಳೀದೆ ಆಗಿದ್ದು. ಅದು ಬಿಡು, ಪೋನೀಲೇ." ಅಪ್ಪನಿಗೆ ಮನಸ್ಸು ಕಲಕಿದಾಗ ತೆಲುಗು ಬರುತ್ತದೆ. "ಜೇಬಿಗೆ ಕೈ ಹಾಕಿದ್ಯಲ್ಲ, ಅದು?"

ಅಪ್ಪ ತಟ್ಟೆಗಳ ರಾಶಿಯನ್ನು ತೋರಿಸಿದರು.

"ಅವು ಮೂವತ್ತಾರು ಅವೆ. ನಾಗರಾಜ ಮುಟ್ಟಬಾರ್ದು. ನೀನೊಬ್ಬಳೇ ತೊಳಿ."

ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿಗಿಳಿದೆ. ಬಿದಿರಿನ ಹೆಣಿಗೆಯ ಸಂದುಗಳಲ್ಲಿ ಹಸಿರು ಒಣಗಿ ಅಂಟಿತ್ತು. ತೆಂಗಿನ ನಾರಿನಲ್ಲಿ ತಿಕ್ಕಿದೆ. ಮೊದಲನೆಯ ತಟ್ಟೆಯನ್ನು ಅಪ್ಪನಿಗೆ ಕೊಟ್ಟೆ. ಅವರು ಅದನ್ನು ಬಿಸಿಲಿಗೆ ಹಿಡಿದು, ಗೆರೆಯಿಲ್ಲದ ಬೆರಳ ತುದಿಯನ್ನು ಅಂಚಿನುದ್ದಕ್ಕೂ ಆಡಿಸಿದರು, ಒಂದೆಡೆ ನಿಲ್ಲಿಸಿದರು, ತಟ್ಟೆಯನ್ನು ನನ್ನ ಕೈಗೆ ಮರಳಿ ಕೊಟ್ಟರು.

"ಇಲ್ಲಿ ಇನ್ನೂ ಐತೆ," ಎಂದರು. "ಇನ್ನೊಂದ್ಸಲ."